ಮೂಲೆಯ ಕಂಬ ಒಂದು ಬೆರಳು ಎತ್ತರ

ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಹಾರ್ಲೆಮ್ ಸ್ಟೇಷನ್ನಿನ ಎರಡಂತಸ್ತಿನ ಸೈಕಲ್ ಸ್ಟ್ಯಾಂಡಿನಲ್ಲಿ ಮೇಲಿನ ಸಾಲಿಗೆ ಸೈಕಲ್ ಎತ್ತಿಡುತ್ತಿದ್ದೆ. ಇಲ್ಲಿನ ಕನ್ನಡದವರ ಗುಂಪಿನಲ್ಲಿ ಯಾರೋ ಎರಡು ಸಾಲು ಹಾಕಿದ್ದರು. ಉಡುಪಿಯಲ್ಲಿ, ನಿನ್ನೆ ಬೆಳಿಗ್ಗೆ, ಹೃದಯಾಘಾತ. ಅದರ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇನ್ನು ಈ ಮನುಷ್ಯನನ್ನು ಯಾವುದರಲ್ಲೂ ಮೀರಿಸಲು ನನಗೆ ಅವಕಾಶವಿಲ್ಲವಲ್ಲ ಎಂಬ ಸಿಟ್ಟು. ದುಃಖ ಆಮೇಲೆ ಬಂತು, ರೈಲಿನಲ್ಲಿ ಕೂತ ಮೇಲೆ.

ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೇರೆಯವರದ್ದನ್ನು ಬರೆಯುತ್ತಾರೆ. ಇದು ನನ್ನದು. ಹಾಗಾಗಿ ಅವರ ಬಗ್ಗೆ ನಾನು ಹೇಳುವುದನ್ನೆಲ್ಲ ಸ್ವಲ್ಪ ಸೋಸಿಕೊಂಡೇ ಓದಬೇಕು.

ನಾನು ಗದಗ ಜಿಲ್ಲೆಯವನು. ನಮ್ಮಪ್ಪ ಬಡಗಿ, ಅವರಪ್ಪನೂ ಬಡಗಿ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲಿಗ ನಾನು, ಬಿ.ಇ. ಮಾಡಿದ ಮೊದಲಿಗನೂ ನಾನೇ. ಇದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಅರಗಿಸಿಕೊಳ್ಳಲು ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ನಮ್ಮಪ್ಪ ನನ್ನ ಕೈಗೆ ಉಳಿ ಸಿಗದ ಹಾಗೆ ಸಾಮಾನಿನ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡುತ್ತಿದ್ದರು. ಆಡುವ ವಯಸ್ಸಿನಲ್ಲಿ ಒಮ್ಮೆ ಉಳಿಗೆ ಹೊಡೆಯುವ ಕೊಡತಿ ಹಿಡಿದದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಅವರು ಹೊಡೆದದ್ದು ಅದೊಂದೇ ಸಲ.

2004ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಡಚ್ಚರ ಈ ದೇಶಕ್ಕೆ ಬಂದೆ, ಎರಡು ವರ್ಷ ಓದಿದೆ, ಹಾರ್ಲೆಮ್‌ನ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಹಳೆಯ ಕಟ್ಟಡಗಳ ಕಾಯಿಲೆ ಹುಡುಕುವುದು ನಮ್ಮ ಕೆಲಸ. ಚರ್ಚು, ಗಾಳಿಗಿರಣಿ, ಕಾಲುವೆಯ ಪಕ್ಕದ ಮನೆ, ಯಾವುದು ಎಷ್ಟು ವಾಲಿದೆ, ಯಾಕೆ ವಾಲಿದೆ ಎಂದು ಅಳೆದು ವರದಿ ಬರೆಯಬೇಕು. ಈ ದೇಶದಲ್ಲಿ ಏನು ವಾಲಿದರೂ ಮೊದಲ ಅನುಮಾನ ನೆಲದ ಮೇಲೆ. ಕೆಳಗೆ ಎಲ್ಲ ಜೌಗು, ಕೆಸರು. ಹತ್ತರಲ್ಲಿ ಒಂಬತ್ತು ವರದಿಯ ಕೊನೆಗೆ 'ನೆಲ ಕುಸಿದಿದೆ' ಎಂದೇ ಬರೆಯುತ್ತೇವೆ, ಸರಿಯಾಗಿಯೂ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಅವರು ನಮ್ಮ ಕಚೇರಿಗೆ ಬಂದದ್ದು 2009ರಲ್ಲಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಉಡುಪಿಯವರು, ಮನೆಯಲ್ಲಿ ತುಳು. ಅಜ್ಜ ಹೈಸ್ಕೂಲ್ ಹೆಡ್‌ಮಾಸ್ತರು, ಅಪ್ಪ ಕಾಲೇಜಿನಲ್ಲಿ ಪ್ರೊಫೆಸರು, ತಾಯಿಗೂ ಡಿಗ್ರಿ. ವೆಲ್ಡ್‌ಹೋವನ್‌ನಲ್ಲಿ ಚಿಪ್ ಯಂತ್ರದ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಆ ಕೆಲಸದ ಮೇಲೆ ವರ್ಷಗಟ್ಟಲೆ ಚೀನಾಕ್ಕೆ ಹೋಗಿಬರುತ್ತಿದ್ದರಂತೆ. ವಾರವೆಲ್ಲ ಯಂತ್ರ, ಶನಿವಾರ ಭಾನುವಾರ ಬಸ್ಸು ಹತ್ತಿ ಹಳೆಯ ಮರದ ದೇಗುಲ, ಹಳೆಯ ಹಳ್ಳಿ. ಒಂದು ದಿನ ಆ ಹುದ್ದೆಯನ್ನೇ ಬಿಟ್ಟು, ವಾರಕ್ಕೆ ಮೂರೇ ದಿನ ಬರುತ್ತೇನೆ ಎಂದು ನಮ್ಮ ಕಚೇರಿಗೆ ಸೇರಿದರು. ಉಳಿದ ದಿನ ಮರಗೆಲಸ. ಕೆಲಸ ಬಿಡುವುದು ಅವರಿಗೆ ಚಪ್ಪಲಿ ಬಿಟ್ಟಷ್ಟು ಸುಲಭ. ನಾನು ನೌಕರಿಯನ್ನು ಹೇಗೆ ಹಿಡಿದುಕೊಂಡಿದ್ದೆನೆಂದರೆ ಜ್ವರ ಬಂದರೂ ರಜೆ ಹಾಕಲು ಕೈ ಬರುತ್ತಿರಲಿಲ್ಲ.

ಸಣ್ಣ ಆಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಡೆಯುವರು. ಯಾವ ಕಟ್ಟಡದ ಒಳಗೆ ಹೋದರೂ ಅಲ್ಲಿದ್ದ ಜನರನ್ನು ನೋಡುವ ಮೊದಲು ತಲೆಯೆತ್ತಿ ಮಾಡು ನೋಡುವರು, ಆಮೇಲೆ ಹತ್ತಿರದ ಕಂಬಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುವರು, ಕಲ್ಲಂಗಡಿ ಹಣ್ಣು ಆರಿಸುವವರ ಹಾಗೆ. ಆಮೇಲೆ ನಮಸ್ಕಾರ. ಊಟಕ್ಕೆ ಡಚ್ಚರ ಹಾಗೇ ಎರಡು ತುಂಡು ಬ್ರೆಡ್ಡು, ಆದರೆ ನಡುವೆ ಮಾವಿನ ಮಿಡಿ. ಆರು ತಿಂಗಳಲ್ಲಿ ಕಚೇರಿಯ ಅರ್ಧ ಜನ ಚೀಸಿನ ಜೊತೆ ಮಿಡಿ ತಿನ್ನಲು ಕಲಿತಿದ್ದರು. ಮೂರು ವರ್ಷದಿಂದ ನಾನು ಅದೇ ಮೇಜಿನಲ್ಲಿ ಕೂತು ಶೇಂಗಾ ಚಟ್ನಿ ಪುಡಿಯನ್ನು ಡಬ್ಬಿಯ ಮುಚ್ಚಳ ಮರೆಮಾಡಿ ತಿನ್ನುತ್ತಿದ್ದೆ. ಅದನ್ನು ಎಲ್ಲರ ಮುಂದೆ ಇಡಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಅವರು ನನ್ನನ್ನು 'ಮಾರಾಯ್ರೆ' ಎನ್ನುತ್ತಿದ್ದರು, ನಾನು 'ಸರ್' ಎನ್ನುತ್ತಿದ್ದೆ. ಕಚೇರಿಯ ಲೆಕ್ಕದಲ್ಲಿ ನಾನೇ ಮೇಲಿನವನು. ಆದರೂ ಬಾಯಿಗೆ ಬೇರೆ ಬರುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ನನ್ನ ಹೆಂಡತಿ ಕಟಕ್ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಮಗಳಿಗೆ ಆಗ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುವವಳು, ಅದೂ ಮನಸ್ಸಿದ್ದರೆ. ಇವರು ಊಟದ ನಡುವೆ ನಾಲ್ಕು ರೊಟ್ಟಿ ಚೂರು ತೆಗೆದು ಚಟ್ನಿ ಬಟ್ಟಲಿನ ನಾಲ್ಕೂ ಕಡೆ ಆನಿಸಿಟ್ಟರು. ಇದು ಬೀಜಿಂಗಿನ ಮನೆ, ನಡುವೆ ಅಂಗಳ, ಸುತ್ತ ನಾಲ್ಕು ಕಡೆ ಕೋಣೆ, ಹೊರಗಿನ ಗೋಡೆಗೆ ಕಿಟಕಿ ಇಲ್ಲ, ಉತ್ತರದ ಚಳಿಗಾಳಿ ಒಳಗೆ ಬರಬಾರದಲ್ಲ ಎಂದರು. ಆಮೇಲೆ ಒಂದು ಇಡೀ ರೊಟ್ಟಿ ಎತ್ತಿ ತೋರಿಸಿದರು. ಒಣಗಿದ ರೊಟ್ಟಿಯ ಅಂಚು ಮೇಲೆ ಎದ್ದಿತ್ತು. ದಕ್ಷಿಣಕ್ಕೆ ಹೋದರೆ ಮಾಡು ಹೀಗೆ, ಮೂಲೆ ಆಕಾಶ ನೋಡುತ್ತದೆ, ಮಳೆ ಜಾಸ್ತಿ, ನೀರನ್ನು ಗೋಡೆಯಿಂದ ದೂರ ಹಾರಿಸಬೇಕು, ಬೆಳಕೂ ಒಳಗೆ ಬರಬೇಕು. ಇನ್ನೊಂದು ಸೀಮೆಯಲ್ಲಿ ಬಿಳಿ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಮಾಡಿಗಿಂತ ಎತ್ತರ, ಒಂದು ಮನೆಗೆ ಬೆಂಕಿ ಹತ್ತಿದರೆ ಪಕ್ಕದ ಮನೆಗೆ ದಾಟಬಾರದು ಎಂದು. ಅದರ ಒಳಗೆ ನಮ್ಮ ತೊಟ್ಟಿ ಮನೆಯ ಹಾಗೇ ಸಣ್ಣ ತೊಟ್ಟಿ, ನಾಲ್ಕೂ ಮಾಡಿನ ನೀರು ಮನೆಯೊಳಗೇ ಬೀಳುತ್ತದೆ. ಕೊನೆಗೆ ಸಾರಿನ ಡಬರಿಯನ್ನು ಹತ್ತಿರ ಎಳೆದುಕೊಂಡು, ಇದು ಫುಜಿಯಾನಿನ ದುಂಡು ಮನೆ, ಮಣ್ಣಿನ ಗೋಡೆ, ಒಂದೇ ಬಾಗಿಲು, ಒಳಗೆ ಒಂದೇ ಕುಲದ ನೂರಾರು ಜನ ಎಂದರು. ಅವರೆಲ್ಲ ಜಗಳ ಆಡುವುದಿಲ್ಲವೇ ಎಂದು ಮಗಳು ಡಚ್ಚಿನಲ್ಲಿ ಕೇಳಿದಳು. ದಿನಾ ಆಡುತ್ತಾರೆ, ಬಾಗಿಲು ಒಂದೇ ಅಲ್ವಾ, ಸಿಟ್ಟು ಮಾಡಿಕೊಂಡು ಹೋಗಲಿಕ್ಕೂ ಎಲ್ಲರ ಮುಂದೆಯೇ ಹೋಗಬೇಕು ಎಂದು ಅವರು ಕನ್ನಡದಲ್ಲಿ ಹೇಳಿದರು. ಅವಳು ನಕ್ಕಳು. ಕನ್ನಡಕ್ಕೆ ನಕ್ಕಳು.

ಆಮೇಲೆ ನನ್ನ ಕಡೆ ತಿರುಗಿ, ನಿಮ್ಮೂರಿನ ಮನೆ ಹೇಗೆ ಎಂದು ಕೇಳಿದರು. ಮಣ್ಣಿನ ಮಾಳಿಗೆ, ಸಪಾಟು, ಅದರಲ್ಲೇನಿದೆ ಸರ್ ಎಂದೆ.

"ಏನಿಲ್ಲ ಅಂದ್ರೆ ಹೇಗೆ ಮಾರಾಯ್ರೆ? ಮಳೆ ಇಲ್ಲದ ಊರಲ್ಲಿ ಮಾಡು ಯಾಕೆ ಓರೆ ಇರಬೇಕು? ಚೀನಾದ ಪಶ್ಚಿಮಕ್ಕೆ ಹೋದ್ರೆ ನಿಮ್ಮೂರೇ ಉಂಟು ಅಲ್ಲಿ. ಸ್ವಲ್ಪ ಈಚೆ ಬಂದ್ರೆ ಮಣ್ಣಿನ ಗುಡ್ಡ ಕೊರೆದು ಗವಿಯ ಹಾಗೆ ಮನೆ. ಮಾಡು ತೋರಿಸಿ, ಮಳೆ ಎಷ್ಟು ಅಂತ ನಾನು ಹೇಳ್ತೇನೆ."

ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನಾನು ಆ ಮನೆಯನ್ನು ಯಾರಿಗೂ ತೋರಿಸದೆ ಬಚ್ಚಿಟ್ಟವನು. ಅದನ್ನು ಅವರು ನನ್ನ ಊಟದ ಮೇಜಿನ ಮೇಲೆ ಬೀಜಿಂಗಿನ ಪಕ್ಕದಲ್ಲಿ ತಂದು ಇಟ್ಟರು. ಖುಷಿಯಾಗಬೇಕಿತ್ತು. ನನ್ನ ಮನೆ ಹೇಗಿದೆ ಎಂದು ನನಗೆ ಇವರು ಹೇಳಬೇಕೇ ಎಂದು ಒಳಗೊಳಗೇ ಉರಿದುಕೊಂಡೆ.

ಮರುವಾರವೇ ಲೈಬ್ರರಿಗೆ ಹೋಗಿ ಚೀನಾದ ಮರದ ಕಟ್ಟಡಗಳ ಮೇಲೆ ಒಂದು ದಪ್ಪ ಪುಸ್ತಕ ತಂದೆ. ಓದುವುದು ನನಗೆ ಬರುತ್ತದೆ. ನಾನು ಮೇಲೆ ಬಂದದ್ದೇ ಓದಿ. ರೈಲಿನಲ್ಲಿ ಹೋಗುವಾಗ ಬರುವಾಗ ಓದಿ, ಕಂಬದ ತಲೆಯ ಮೇಲೆ ಮರದ ತುಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿ ಸೂರನ್ನು ಹೊರುವ ಆ ಜೋಡಣೆಗೆ ದೌಗೊಂಗ್ ಎನ್ನುತ್ತಾರೆ, ಅದರಲ್ಲಿ ಮೊಳೆ ಇರುವುದಿಲ್ಲ, ಯಾವ ತುಂಡಿನ ಅಳತೆ ಎಷ್ಟು ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ನಮ್ಮಪ್ಪನ ಭಾಷೆಯಲ್ಲಿ ಅದು ಬೋದಿಗೆ. ಚಿಕ್ಕಂದಿನಿಂದ ಕೇಳಿದ ಶಬ್ದ, ಅರ್ಥ ಮಾತ್ರ ಇಂಗ್ಲಿಷ್ ಪುಸ್ತಕದಿಂದ ತಿಳಿಯಿತು.

ಆ ಪುಸ್ತಕದಲ್ಲಿದ್ದ ನಕ್ಷೆಗಳೆಲ್ಲ ಉತ್ತರದ ಅರಮನೆಗಳದ್ದು. ಅದನ್ನು ನಾನು ಗಮನಿಸಲಿಲ್ಲ.

2011ರಲ್ಲಿ ಹತ್ತಿರದ ಒಂದು ಊರಿನ ಖೆಮೇಂತೆಯಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ನಮಗೆ ಕೆಲಸ ಬಂತು. ಅವರ ಉದ್ಯಾನದಲ್ಲಿ ಹನ್ನೆರಡು ಕಂಬದ ಒಂದು ಚೀನೀ ಮಂಟಪವಿತ್ತು. ಹಿಂದೊಮ್ಮೆ ದಕ್ಷಿಣ ಚೀನಾದ ಬಡಗಿಗಳು ಬಂದು ಕಟ್ಟಿಹೋದದ್ದು. ಇಲ್ಲಿನ ಒದ್ದೆ ಗಾಳಿಗೆ ಮರ ಹಾಳಾಗುತ್ತಿತ್ತು. ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದರು. ಅವರನ್ನು ಕೇಳಿಕೊಂಡು ಮಾಡು ಎಂದು ಬಾಸ್ ಹೇಳಿದ್ದರು. ನಾನು ಕೇಳಲಿಲ್ಲ. ಅವರು ರಜೆಯಿದ್ದ ಮಂಗಳವಾರವನ್ನೇ ಆರಿಸಿಕೊಂಡು ಹೋಗಿ ಅಳೆದೆ.

ಮುಂದಿನ ಸಾಲಿನ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ತಲೆ ಮೂಲೆಯವಕ್ಕಿಂತ ಮೂರು ಸೆಂಟಿಮೀಟರ್ ಕೆಳಗಿತ್ತು. ಎಲ್ಲ ಕಂಬಗಳೂ ಒಂಚೂರು ಒಳಗೆ ವಾಲಿದ್ದವು. ಪುಸ್ತಕದಲ್ಲಿ ಕಂಬಗಳು ನೆಟ್ಟಗಿದ್ದವು, ತಲೆಗಳೆಲ್ಲ ಒಂದೇ ಮಟ್ಟದಲ್ಲಿದ್ದವು. ಕಂಬದ ಬುಡದ ಕಲ್ಲುಗಳು ಕಾಣುತ್ತಿರಲಿಲ್ಲ. ಗಾಲಿಕುರ್ಚಿಯವರಿಗೆಂದು ಆಮೇಲೆ ಸುತ್ತಲೂ ಮರದ ಹಲಗೆ ಹಾಸಿದ್ದರು, ಅದನ್ನು ಕೀಳಲು ಬೇರೆ ಅನುಮತಿ ಬೇಕು, ಅದಕ್ಕೆ ಮೂರು ವಾರ. ಹಲಗೆ ನಡುವೆ ತಗ್ಗಿತ್ತು. ನಾನು ಬರೆದೆ: ನೆಲ ಕುಸಿದಿದೆ, ನಡುವಿನ ಕಂಬಗಳನ್ನು ಜ್ಯಾಕ್ ಕೊಟ್ಟು ಮೇಲೆತ್ತಬೇಕು, ಎಲ್ಲವನ್ನೂ ನೆಟ್ಟಗೆ ನಿಲ್ಲಿಸಬೇಕು. ಹತ್ತು ಪುಟದ ವರದಿ, ಚೆನ್ನಾಗಿತ್ತು. ಖೆಮೇಂತೆಯ ಹೆಂಗಸು ಹೊಗಳಿ ಪತ್ರ ಬರೆದಳು. ಅದನ್ನು ಪ್ರಿಂಟ್ ಹಾಕಿಸಿ ಅವರಿಗೆ ಕಾಣುವ ಹಾಗೆ ನನ್ನ ಮೇಜಿನ ಮೇಲೆ ಇಟ್ಟೆ.

ಜ್ಯಾಕ್ ಕೊಡುವ ದಿನ ಗುರುವಾರ. ಅವರು ಬರುವ ದಿನವಲ್ಲ. ಆದರೂ ಬಂದರು, ಸೈಕಲ್ ಮೇಲೆ, ಬೋದಿಗೆಯನ್ನು ಹತ್ತಿರದಿಂದ ನೋಡುವ ಆಸೆ ಎಂದು. ಗುತ್ತಿಗೆದಾರನ ವ್ಯಾನಿನ ಬಾಗಿಲಿಗೆ ನನ್ನ ನಕ್ಷೆ ಅಂಟಿಸಿತ್ತು. ಅದರ ಮುಂದೆ ಕೈ ಕಟ್ಟಿ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಗುತ್ತಿಗೆದಾರನಿಗೆ, ಮೊದಲು ಕಾಫಿ ಕುಡಿಯೋಣವೇ ಎಂದರು. ಬೆಳಿಗ್ಗೆ ಹತ್ತು ಗಂಟೆಗೆ ಕಾಫಿ ಬೇಡ ಎನ್ನುವ ಡಚ್ಚ ಇನ್ನೂ ಹುಟ್ಟಿಲ್ಲ. ಕೆಲಸ ನೋಡಲು ಬಂದಿದ್ದ ಖೆಮೇಂತೆಯ ಹೆಂಗಸೂ ಸೇರಿ ಅವರೆಲ್ಲ ಆಚೆ ಹೋದರು. ಇವರು ನನ್ನನ್ನು ಮಂಟಪದ ಹಿಂದೆ ಕರೆದರು.

"ಬುಡ ನೋಡಿದ್ರಾ ನೀವು?"

"ಹಲಗೆ ಕೆಳಗಿದೆ ಸರ್. ಕೀಳೋಕೆ ಪರ್ಮಿಶನ್ ಇರಲಿಲ್ಲ."

"ಹಾಗಾದ್ರೆ ತಲೆ ಮಾತ್ರ ಅಳೆದದ್ದು."

ನಾನು ಬಗ್ಗಿ ಹಲಗೆಯ ಸಂದಿಯಲ್ಲಿ ಇಣುಕಿದೆ.

"ಇದು ಕುಸಿದದ್ದಲ್ಲ ಮಾರಾಯ್ರೆ, ಕಡಿದದ್ದೇ ಹೀಗೆ. ನಡುವಿನಿಂದ ಮೂಲೆಗೆ ಹೋದ ಹಾಗೆ ಕಂಬ ಚೂರು ಚೂರೇ ಎತ್ತರ. ಎಲ್ಲ ಒಳಗೆ ವಾಲಿಸಿ ನಿಲ್ಲಿಸ್ತಾರೆ, ಗಾಳಿಗೆ ಗಟ್ಟಿ ಅಂತ. ಉತ್ತರದವರು ಬಿಟ್ಟು ತುಂಬ ಕಾಲ ಆಯ್ತು. ದಕ್ಷಿಣದ ಕೆಲವು ಬಡಗಿಗಳು ಇನ್ನೂ ಬಿಟ್ಟಿಲ್ಲ. ಈಗ ನೀವು ನಡುವಿನದ್ದನ್ನು ಎತ್ತಿದ್ರೆ ಮೇಲಿನ ಬೋದಿಗೆ ಒಂದೂ ಉಳಿಯೂದಿಲ್ಲ."

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಎರಡು ಹಲಗೆ ಬಿಚ್ಚಿದರು. ಅನುಮತಿ ಗಿನುಮತಿ ಏನೂ ಇಲ್ಲ. ನಿಮ್ಮ ಲೇಸರ್ ಕೊಡಿ ಎಂದರು. ನನ್ನದೇ ಲೇಸರ್. ಮೂಲೆಯ ಕಲ್ಲೂ ನಡುವಿನ ಕಲ್ಲೂ ಒಂದೇ ಮಟ್ಟ. ಎರಡು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ.

ಅವರು ಅರ್ಧ ಗಂಟೆ ತಡವಾಗಿ ಬಂದಿದ್ದರೆ ನಾನು ಆ ಮಂಟಪವನ್ನು ಮುರಿದವನಾಗುತ್ತಿದ್ದೆ. ಕೆಲಸ ಉಳಿಯುತ್ತಿರಲಿಲ್ಲ. ಇಂಥ ಕಡೆ ನಮ್ಮಂಥವರು ಒಮ್ಮೆ ಬಿದ್ದರೆ ಎತ್ತಿ ನಿಲ್ಲಿಸಲು ಅಜ್ಜನೂ ಇರುವುದಿಲ್ಲ, ಪ್ರೊಫೆಸರ್ ಅಪ್ಪನೂ ಇರುವುದಿಲ್ಲ. ಕಾಫಿ ಮುಗಿಸಿ ಎಲ್ಲರೂ ಬಂದಾಗ ಅವರು ಆ ಹೆಂಗಸಿಗೆ ಹೇಳಿದ್ದು ಇಷ್ಟೇ: ನಾವು ಹಲಗೆ ತೆಗೆದು ನೋಡಿದೆವು, ನಮಗೆ ಹೊಸ ವಿಷಯ ಗೊತ್ತಾಯಿತು, ನಕ್ಷೆ ಬದಲಾಯಿಸುತ್ತೇವೆ. ನಾವು, ನಮಗೆ. ಅವರು ನನ್ನ ತಪ್ಪನ್ನು ಬಯಲು ಮಾಡಿದ್ದರೆ ಅವರನ್ನು ನೇರವಾಗಿ ದ್ವೇಷಿಸಬಹುದಿತ್ತು. ಅದಕ್ಕೂ ಜಾಗ ಬಿಡಲಿಲ್ಲ.

ಮುಂದಿನ ಭಾನುವಾರ ಅಪ್ಪನಿಗೆ ಫೋನು ಮಾಡಿದಾಗ ಸುಮ್ಮನೆ ವಿಷಯ ತೆಗೆದೆ. ಮೂಲೆಯ ಕಂಬ ಎತ್ತರ ಇಡುತ್ತಾರಂತೆ ಚೀನಾದವರು ಎಂದೆ.

"ಇಡಬೇಕಲ್ಲ," ಎಂದರು ಅಪ್ಪ. "ಮೂಲಿ ಕಂಬ ಒಂದು ಬೆರಳು ಎತ್ತರ. ಇಲ್ಲಾಂದ್ರ ಸೂರು ಜೋತುಬಿದ್ದಂಗ ಕಾಣ್ತದ. ಇದನ್ನ ನಿಮ್ಮ ಕಾಲೇಜಿನ್ಯಾಗ ಹೇಳಿಲ್ಲೇನು?"

ಆ ವರ್ಷ ಡಿಸೆಂಬರಿನಲ್ಲಿ ಅವರು ಊರಿಗೆ ಹೋದರು. ತಿರುಗಿ ಬಂದವರು ನನ್ನ ಮೇಜಿನ ಹತ್ತಿರ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಮರದ ತುಂಡಿನ ಮೇಲೆ ಎರಡು ಕೈ. ಕೆಳಗಿನದು ಅವರದು. ಮೇಲಿನದು, ಹೆಬ್ಬೆರಳಿನ ಉಗುರು ಸೀಳಿದ್ದು, ನಮ್ಮಪ್ಪನದು. ಲಕ್ಕುಂಡಿ ನೋಡಲು ಹೋಗಿದ್ದರಂತೆ, ಹತ್ತಿರವೇ ಅಲ್ವಾ ಎಂದು ನಮ್ಮೂರಿಗೂ ಹೋದರಂತೆ. ಎರಡು ದಿನ ನಮ್ಮ ಮನೆಯಲ್ಲಿ ಇದ್ದರು. ಅಟ್ಟದ ಮೇಲಿನ ಪೆಟ್ಟಿಗೆ ಕೆಳಗೆ ಇಳಿಯಿತು. ನಮ್ಮಪ್ಪ ಅವರಿಗೆ ಬೋದಿಗೆಯ ಕಚ್ಚು ಕಡಿಯುವುದನ್ನು ಕಲಿಸಿದರು.

ನಾನು ನಕ್ಕು, ಬಹಳ ಒಳ್ಳೆಯದಾಯಿತು ಸರ್ ಎಂದೆ. ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಏನೇನೋ ಕಳೆದುಕೊಂಡಿದ್ದೇನೆ ಜೀವನದಲ್ಲಿ, ಆದರೆ ಇದು ನನ್ನ ಬೆನ್ನ ಹಿಂದೆ ನನ್ನ ಮನೆಯಿಂದಲೇ ಕದ್ದ ಹಾಗಿತ್ತು.

ಅಪ್ಪನಿಗೆ ಫೋನು ಮಾಡಿದೆ. ಮನುಷ್ಯಾ ಛಲೋ ಅದಾನ, ಕೈ ಸ್ವಲ್ಪ ಬಿಗಿ, ಆದ್ರ ಕಲೀತಾನ ಎಂದರು.

"ನನಗ್ಯಾಕ ತೋರಿಸಲಿಲ್ಲ?" ಎಂದು ಕೇಳಿದೆ. ಮೂವತ್ತು ದಾಟಿದವನು ಕೇಳುವ ಮಾತಲ್ಲ.

"ನಿನಗ ತೋರಿಸಿದ್ರ ನೀ ಇಲ್ಲೇ ಉಳೀತಿದ್ದಿ," ಎಂದರು.

2012ರ ಬೇಸಿಗೆಯಲ್ಲಿ ಮಂಟಪದ ಮೇಲ್ಭಾಗ ಬಿಚ್ಚಿದೆವು. ಬಿಚ್ಚಿದ ಒಂದೊಂದು ತುಂಡಿನ ಒಳಗೂ, ಇನ್ನೊಂದರೊಳಗೆ ಸಿಕ್ಕಿಕೊಂಡು ಯಾರಿಗೂ ಕಾಣದ ಜಾಗದಲ್ಲಿ, ಮಸಿಯಲ್ಲಿ ಚೀನೀ ಅಕ್ಷರ ಇತ್ತು. ಬಡಗಿಗಳ ಹೆಸರಿರಬೇಕು ಎಂದು ನಾನು ಆಸೆಯಿಂದ ನೋಡಿದೆ. ಇವರು ತಮ್ಮ ಹಳೆಯ ಚೀನೀ ಸಹೋದ್ಯೋಗಿಯೊಬ್ಬರಿಗೆ ಫೋಟೋ ಕಳಿಸಿ ಓದಿಸಿದರು. ಪೂರ್ವ, ಮುಂದೆ, ಮೇಲೆ, ಎರಡು. ಪಶ್ಚಿಮ, ಹಿಂದೆ, ಕೆಳಗೆ, ಒಂದು. ಎಲ್ಲವೂ ಹೀಗೇ. ಒಂದು ತುಂಡಿನ ಮೇಲೂ ಒಂದು ಹೆಸರಿಲ್ಲ. ಇಷ್ಟು ದೂರ ಬಂದು ಇಷ್ಟೆಲ್ಲ ಕಡಿದು ಒಬ್ಬನಿಗಾದರೂ ಹೆಸರು ಬರೆಯಬೇಕು ಅನಿಸಲಿಲ್ಲವೇ ಎಂದು ನಾನು ಕೇಳಿದೆ. ತುಂಡಿಗೆ ತನ್ನ ಜಾಗ ಗೊತ್ತಿದ್ರೆ ಸಾಕಲ್ಲ ಎಂದರು ಅವರು.

ಕೊಳೆತ ತುಂಡುಗಳ ಬದಲು ಹೊಸದನ್ನು ಅವರೂ ಒಬ್ಬ ಡಚ್ ಬಡಗಿಯೂ ಸೇರಿ ಕಡಿದರು. ಒಂದು ದಿನ ನಾನು ಆ ಬಡಗಿಯ ಕೆಲಸದ ಶೆಡ್ಡಿಗೆ ಹೋದಾಗ ಅವರು ಉಳಿಯನ್ನು ಹಿಡಿ ನನ್ನ ಕಡೆ ಮಾಡಿ ಚಾಚಿದರು. ಒಂದು ಕಚ್ಚು ನೀವು ಕಡಿಯಿರಿ, ನಿಮ್ಮಪ್ಪನ ಕೈ ನಿಮ್ಮಲ್ಲಿ ಇಲ್ದೆ ಎಲ್ಲಿಗೆ ಹೋಗ್ತದೆ ಎಂದರು. ನನಗೆ ಏನಾಯಿತೋ.

"ಇದು ನಿಮಗೆ ಆಟ ಸರ್," ಎಂದೆ. "ನಮ್ಮಪ್ಪ ಜೀವಮಾನ ಪೂರ್ತಿ ಉಳಿ ಹಿಡಿದದ್ದು ನಾನು ಹಿಡೀಬಾರದು ಅಂತ. ನಿಮ್ಮ ಅಜ್ಜ ಪೆನ್ನು ಹಿಡಿದಿದ್ದಕ್ಕೆ ನೀವು ಇದನ್ನ ಹಿಡಿದು ಆಡಬಹುದು. ನಾನು ಹಿಡಿದರೆ ಜನ ಬಡಗಿ ಮಗ ಅಂತಾರೆ."

ಡಚ್ ಬಡಗಿಗೆ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಯಿತು, ಗರಗಸ ನಿಲ್ಲಿಸಿದ. ಇವರು ಉಳಿಯನ್ನು ಹಿಂದಕ್ಕೆ ತೆಗೆದುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ಹೌದು, ಆಟವೇ," ಎಂದರು. "ಆದ್ರೆ ಚೆನ್ನಾಗಿ ಆಡ್ತೇನೆ, ಅಲ್ವಾ?"

ಚೆನ್ನಾಗಿಯೇ ಆಡುತ್ತಿದ್ದರು. ಅದೇ ಸಂಕಟ. ಅವರು ಕಡಿದ ತುಂಡು ಹಳೆಯ ತುಂಡಿನೊಳಗೆ ಕೂರುವಾಗ ಸಣ್ಣದಾಗಿ ಒಂದು ಸದ್ದು ಬರುತ್ತಿತ್ತು, ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತ ಹಾಗೆ. ಚಿಕ್ಕವನಿದ್ದಾಗ ನಮ್ಮ ಅಂಗಳದಲ್ಲಿ ದಿನಾ ಕೇಳುತ್ತಿದ್ದ ಸದ್ದು.

ಕೆಲಸ ಮುಗಿದಾಗ ಖೆಮೇಂತೆಯವರು ಮಂಟಪದ ಪಕ್ಕ ಒಂದು ಹಿತ್ತಾಳೆ ಫಲಕ ಹಾಕಿಸುತ್ತೇವೆ, ಕೆಲಸ ಮಾಡಿದವರ ಹೆಸರು ಕಳಿಸಿ ಎಂದು ಬರೆದರು. ಪಟ್ಟಿ ಮಾಡುವುದು ನನ್ನ ಕೆಲಸ. ನನ್ನ ಹೆಸರು ಹಾಕಿದೆ, ಡಚ್ ಬಡಗಿಯದು ಹಾಕಿದೆ, ಗುತ್ತಿಗೆದಾರನದು, ಇನ್ನಿಬ್ಬರದು. ಅವರ ಹೆಸರು ಬಿಟ್ಟೆ. ಮರೆತದ್ದಲ್ಲ. ಅವರು ವಾರಕ್ಕೆ ಮೂರೇ ದಿನ ಬರುವವರು, ಫಲಕದಲ್ಲಿ ಜಾಗವೂ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡು, ಇಮೇಲ್ ಕಳಿಸುವ ಗುಂಡಿ ಒತ್ತಿ, ಸಮಾಧಾನವಾಗಿ ಮಿಡಿ ಉಪ್ಪಿನಕಾಯಿ ತಿಂದೆ. ಅವರು ಕೊಟ್ಟದ್ದೇ.

ಉದ್ಘಾಟನೆಗೆ ಅವರೂ ಬಂದರು. ಎಂದಿನಂತೆ ಮೊದಲು ಮಾಡು ನೋಡಿದರು, ಕಂಬಕ್ಕೆ ಬಡಿದರು. ಆಮೇಲೆ ಫಲಕದ ಮುಂದೆ ಕೈ ಕಟ್ಟಿ ನಿಂತು ಮೇಲಿನಿಂದ ಕೆಳಗೆ ಓದಿದರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ.

"ನಿಮ್ಮ ಹೆಸರು ತಪ್ಪಿಲ್ಲದೆ ಬರೆದಿದ್ದಾರೆ ಮಾರಾಯ್ರೆ," ಎಂದರು. "ಈ ದೇಶದಲ್ಲಿ ಅದು ದೊಡ್ಡ ವಿಷಯ."

ಚುಚ್ಚಿದರೋ, ನಿಜವಾಗಿ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ. ಆ ವಿಷಯ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡು ವರ್ಷದ ನಂತರ ನಮ್ಮಪ್ಪ ಹೋದಾಗ ನನಗಿಂತ ಮೊದಲು ಕಣ್ಣೀರು ಹಾಕಿದವರು ಅವರು. ಅದಕ್ಕೂ ನನಗೆ ಸಿಟ್ಟು ಬಂದಿತ್ತು ಎಂದರೆ ನಂಬುತ್ತೀರಾ? 2016ರಲ್ಲಿ ಅವರು ಕೆಲಸ ಬಿಟ್ಟು ಉಡುಪಿಗೆ ಹೋದರು. ಕಚೇರಿಯಲ್ಲಿ ಕೇಕ್ ಕತ್ತರಿಸಿದ ದಿನ ಫಲಕದ ವಿಷಯ ಹೇಳಿಬಿಡಬೇಕು ಎಂದುಕೊಂಡೆ. ಅವರ ಸುತ್ತ ಜನ ಇದ್ದರು. ಜನ ಇದ್ದರು ಎನ್ನುವುದು ನೆಪ. 2018ರಲ್ಲಿ ಆ ವಾಟ್ಸಾಪು ಬಂತು.

ಮರುವರ್ಷ ಮಾರ್ಚಿನ ಗಾಳಿಗೆ ಮರದ ಕೊಂಬೆಯೊಂದು ಮಂಟಪದ ಒಂದು ಮೂಲೆಯ ಮೇಲೆ ಬಿತ್ತು. ಒಂದು ಬೋದಿಗೆ ಸೀಳಿತು. ಅದು ಅವರು ಕಡಿದದ್ದು. ನಾನು ಹೋಗಿ ನಿಂತು ಬಿಚ್ಚಿಸಿದೆ. ಆ ಡಚ್ ಬಡಗಿಯೇ ಏಣಿಯ ಮೇಲಿದ್ದ. ತುಂಡು ಕೈಗೆ ಬಂದಾಗ ನಾನು ಹುಡುಕಿದ್ದು ಒಂದೇ, ಅವರ ಹೆಸರು. ಹೊರಗಿನ ಫಲಕದಲ್ಲಿ ನಾನು ಬರೆಯದೇ ಇದ್ದದ್ದನ್ನು ಅವರು ಒಳಗೆ ಎಲ್ಲಾದರೂ ಬರೆದಿರಲೇಬೇಕು. ನಾನಾಗಿದ್ದರೆ ಬರೆಯುತ್ತಿದ್ದೆ, ದೊಡ್ಡದಾಗಿ.

ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ ಹೀಗಿತ್ತು: 'ಆಗ್ನೇಯ ಮೂಲೆ, ಮೇಲಿನ ಸಾಲು, ಎಡ.' ಅಷ್ಟೇ.

ಮೂರು ತಲೆಮಾರಿನಿಂದ ಬಾಗಿಲ ಮೇಲೆ ಹೆಸರಿನ ಫಲಕ ಇದ್ದ ಮನೆಯವರಿಗೆ ಹೆಸರು ಬಿಡುವುದು ಸುಲಭ ಎಂದು ಮೊದಲು ಅನಿಸಿತು. ಆಮೇಲೆ ಆ ಚೀನೀ ಬಡಗಿಗಳು ನೆನಪಾದರು, ಅವರ ಮನೆಯ ಬಾಗಿಲಿಗೆ ಯಾವ ಫಲಕವಿತ್ತು? ನಮ್ಮಪ್ಪ ಕಡಿದ ಬಾಗಿಲುಗಳು ಆ ಸೀಮೆಯಲ್ಲಿ ಎಷ್ಟು ಮನೆಗಿವೆ, ಯಾವುದರ ಮೇಲೆ ಹೆಸರಿದೆ? ಹೆಸರಿನ ಹಸಿವು ನಮ್ಮ ಕಸುಬಿನದ್ದಲ್ಲ. ನನ್ನದು ಮಾತ್ರ. ಹೆಸರು ಬಿಡುವವರು ಬಿಡಲಿ. ಅವರ ಹೆಸರನ್ನು ಫಲಕದಿಂದ ಬಿಡಿಸಿದವನು ನಾನು, ಅದು ಬೇರೆ ಲೆಕ್ಕ.

ಹೊಸ ತುಂಡಿನ ಮೇಲೆ ಅದೇ ಮಾತನ್ನು ಅದೇ ಜಾಗದಲ್ಲಿ ನಕಲು ಮಾಡಿದೆ. ಕಚೇರಿಗೆ ಹೋಗಿ ಖೆಮೇಂತೆಯ ಜಾಲತಾಣ ತೆಗೆದೆ. ಫಲಕದ ಮೇಲಿನ ಬರಹ ಬದಲಾಯಿಸಲು ಅಲ್ಲಿ ಒಂದು ಅರ್ಜಿ ಇದೆ. ಸೇರಿಸಬೇಕಾದ ಹೆಸರು, ಅವರು ಮಾಡಿದ ಕೆಲಸ, ಈ ಹಿಂದೆ ಬಿಟ್ಟುಹೋದದ್ದಕ್ಕೆ ಕಾರಣ. ಮೊದಲು 'ಮರೆತಿತ್ತು' ಎಂದು ಬರೆದೆ. ಅಳಿಸಿದೆ. 'ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು' ಎಂದು ಡಚ್ಚಿನಲ್ಲಿ ಬರೆದು ಕಳಿಸಿದೆ. ಡಚ್ಚಿನಲ್ಲಿ ಬರೆಯುವುದು ಸುಲಭವಾಯಿತು.

ನಾಲ್ಕು ದಿನಕ್ಕೆ ಅಲ್ಲಿಂದ ಒಬ್ಬ ಹೆಂಗಸಿನ ಫೋನು ಬಂತು. ನಿಮ್ಮ ಅರ್ಜಿ ತಲುಪಿದೆ, ಕಾರಣದ ಜಾಗದಲ್ಲಿ ನೀವು ಬರೆದದ್ದಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ, ಕಚೇರಿಯ ತಪ್ಪು ಎಂದು ಗುರುತು ಹಾಕಿಕೊಳ್ಳಲೇ ಎಂದು ಕೇಳಿದಳು. ದಯೆಯಿಂದಲೇ ಕೇಳಿದಳು. ನನ್ನನ್ನು ಇನ್ನೊಬ್ಬರು ಕಾಪಾಡಲು ಬಂದಿದ್ದರು.

"ಬೇಡ," ಎಂದೆ. "ಬರೆದದ್ದೇ ಇರಲಿ."

ಫಲಕ ಬದಲಾಗಲು ಎಂಟು ವಾರ ಹಿಡಿಯಿತು. ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಅದು ಈಗ ಇರಬೇಕಾದ ಜಾಗದಲ್ಲಿದೆ, ಬೇಕಾದವರು ಹೋಗಿ ಓದಬಹುದು. ಹೊಸ ಫಲಕ ಹಾಕಿದ ಶನಿವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೊದಲು ತಲೆಯೆತ್ತಿ ಮಾಡು ನೋಡಿದಳು, ಆಮೇಲೆ ಹತ್ತಿರದ ಕಂಬಕ್ಕೆ ಗೆಣ್ಣಿನಿಂದ ಎರಡು ಸಲ ಬಡಿದಳು. ನಾನು ಫಲಕ ಓದಿದೆ. ಈ ಸಲ ಹೆಸರುಗಳನ್ನು ಅಕಾರಾದಿಯಲ್ಲಿ ಹಾಕಿದ್ದರು. ಅವರದು ನನ್ನದಕ್ಕಿಂತ ಒಂದು ಸಾಲು ಮೇಲೆ ಬಂದಿತ್ತು.

ಹೊಟ್ಟೆಯಲ್ಲಿ ಸಣ್ಣಗೆ ಚುರ್ ಎಂದಿತು.